ಬೇವಿನ ಬುಡದ ಗದ್ದಿಗೆ

ಸಮೀರವಾಡಿಯ ಪರಸಪ್ಪ ತವರಿನ ಹೊಲ ಕೊಳ್ಳಲು ಬರುತ್ತಾನೆಂಬ ಸುದ್ದಿ ಸಾವಿತ್ರೆವ್ವನ ಕಿವಿಗೆ ಬಿದ್ದದ್ದು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ, ಅದೂ ತವರೂರಿನ ಬಳೆಗಾರ್ತಿಯ ಬಾಯಿಂದ. ಒಡಹುಟ್ಟಿದ ತಮ್ಮ ಹೇಳಲಿಲ್ಲ. ಅವನೇಕೆ ಹೇಳಿಯಾನು? ಅಪ್ಪ ಸತ್ತ ಮೇಲೆ ಗಿರಿಮಲ್ಲಪ್ಪ ತನ್ನ ಮಗನನ್ನು ಎದುರು ಕೂರಿಸಿಕೊಂಡು, ಹಿರಿಯರ ಹೊಲವನ್ನೆಲ್ಲ ತಾವಿಬ್ಬರೇ ಹಂಚಿಕೊಂಡು ವಾಟ್ನಿ ಪತ್ರ ಬರೆಸಿದ್ದ, ಅಕ್ಕ ಎಂಬುವಳು ಹುಟ್ಟೇ ಇಲ್ಲ ಎನ್ನುವ ಹಾಗೆ. ಆ ವರ್ಷವೂ ಪಂಚಮಿಗೆ ಕರೆದು, ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದ್ದ. ಬೆಣ್ಣೆಯಂಥ ಮಾತು ಬೇರೆ!

ಸಿಟ್ಟು ನೆತ್ತಿಗೇರಿತು. ಕಾಯಿಪಲ್ಯೆಯ ಚೀಲ ಹಿಡಿದುಕೊಂಡೇ ಬೀಳಗಿ ಬಸ್ಸು ಹತ್ತಿ ತವರೂರು ಬಾಡಗಂಡಿಗೆ ಬಂದಳು.

ಹೊಲದ ದಂಡೆಯಲ್ಲಿ ಕಾರು ನಿಂತಿತ್ತು, ಪಕ್ಕದಲ್ಲಿ ಗಿರಿಮಲ್ಲಪ್ಪನೂ ಪರಸಪ್ಪನೂ ಮಾತಾಡುತ್ತಿದ್ದರು. ಬದುವಿನ ಪಕ್ಕದ ಬೇವಿನ ಗಿಡದ ಬುಡದಲ್ಲಿ ಅಜ್ಜ, ಅಪ್ಪ, ಅವ್ವನನ್ನು ಹೂಳಿ ಕಟ್ಟಿದ ಗದ್ದಿಗೆಗಳು ಇರಬೇಕಿತ್ತು. ಚಿಕ್ಕಂದಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಅಜ್ಜನ ಗದ್ದಿಗೆಯ ಹತ್ತಿರ ಹೋದರೆ ಅವ್ವ ಅಕ್ಕ-ತಮ್ಮ ಇಬ್ಬರ ಬೆನ್ನಿಗೂ ಬಾರಿಸುತ್ತಿದ್ದಳು. ಹೋದ ಯುಗಾದಿ ಅಮಾವಾಸ್ಯೆಗೆ ಸಾವಿತ್ರೆವ್ವ ಇಲ್ಲೇ ಕಾಯಿ ಒಡೆದು ಹೋಗಿದ್ದಳು. ಈಗ ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ. ಮೊಣಕಾಲೆತ್ತರದ ಕಬ್ಬು ನಿಂತಿತ್ತು.

“ಗದ್ದಿಗಿ ಎಲ್ಲದಾವೋ?”

“ಯಾವ ಗದ್ದಿಗಿ ಅಕ್ಕಾ? ನೀ ಮನಿಗೆ ನಡಿ, ಚಾ ಕುಡಿ. ಗಂಡಸರು ಮಾತಾಡಾಕತ್ತೇವಿ.” ಗಿರಿಮಲ್ಲಪ್ಪ ನಕ್ಕ. ಆ ನಗು ಕಂಡು ಅವಳ ಮೈಯೆಲ್ಲ ಉರಿಯಿತು.

ಪರಸಪ್ಪ ಹುಬ್ಬು ಗಂಟಿಕ್ಕಿದ. “ಏನ್ರಿ, ಹೊಲದಾಗ ಗದ್ದಿಗಿ ಅದಾವೇನು? ನೀವು ಇಲ್ಲಂದಿದ್ರಿ.”

“ಖರೇನ ಇಲ್ರಿ. ನಮ್ಮ ಹಿರಿಯಾರನ್ನೆಲ್ಲ ಊರ ರುದ್ರಭೂಮ್ಯಾಗ ಇಟ್ಟೇವಿ. ಆಕಿಗೆ ಪಾಲು ಬೇಕಾಗೈತಿ, ಅದಕ್ಕ ಸುಳ್ಳ ಹೇಳತಾಳ.”

“ಹೌದಲೇ, ಪಾಲು ಬೇಕು! ಅದೇನು ಕಳವೇನು? ನಿನಗ ಅಪ್ಪ ಆದಾಂವ ನನಗೂ ಅಪ್ಪ. ನನ್ನ ಕೇಳದ ವಾಟ್ನಿ ಮಾಡ್ಕೊಂಡಿ, ನನ್ನ ಸಹಿ ಇಲ್ಲದ ಮಾರಾಕ ನಿಂತಿ. ಅದಕ್ಕ ಕೋರ್ಟ್ ಐತಿ. ಆದರ ಹಡದ ಅವ್ವನ ಎದಿ ಮ್ಯಾಲೆ ಟ್ರ್ಯಾಕ್ಟರ್ ಹೊಡದ್ಯಲ್ಲೋ!”

ಅಳಲಿಲ್ಲ, ಇವನ ಮುಂದೆ ಅಳುವುದೇ? ಗಿಡದ ಕಡೆ ಕೈ ಮಾಡಿದಳು.

“ಗದ್ದಿಗಿ ಇಲ್ಲಂದ್ರ ಆ ಬೇವಿನ ಬುಡದಾಗಿಂದ ಸೀದಾ ನಡಿ. ಅವರಿಗೆ ಗಿಡದ ಆಚಿ ಕಡಿ ಬಾಂವಿ ತೋರಸಬೇಕಲ್ಲ, ತೋರಸು.”

“ಅದರಾಗೇನೈತಿ?” ಎಂದು ಗಿರಿಮಲ್ಲಪ್ಪ ಧಿಮಾಕಿನಿಂದಲೇ ಹೊರಟ. ಪರಸಪ್ಪ ಹಿಂದೆ ನಡೆದ. ಮಾತಾಡುತ್ತ ಬೇವಿನ ನೆರಳಿಗೆ ಬಂದದ್ದೇ ತಡ, ರೂಢಿ ಬಿದ್ದ ಕಾಲುಗಳು ತಾವಾಗಿಯೇ ಚಪ್ಪಲಿ ಬಿಟ್ಟವು.

ಗೊತ್ತಾಗುವಷ್ಟರಲ್ಲಿ ಗಿರಿಮಲ್ಲಪ್ಪ ಬರಿಗಾಲಲ್ಲಿ ನಿಂತಿದ್ದ. ಪರಸಪ್ಪ ಆ ಚಪ್ಪಲಿ ನೋಡಿದ, ತನ್ನ ಬೂಟು ನೋಡಿಕೊಂಡ, ಬೆಂಕಿ ತುಳಿದವನಂತೆ ಹಿಂದೆ ಸರಿದ.

“ಬ್ಯಾಡ್ರಿ, ಈ ಹೊಲ ನನಗ ಬ್ಯಾಡ. ಹಿರಿಯಾರನ್ನ ತುಳದ ನಾ ಏನ್ ಉದ್ಧಾರ ಆಗಲಿ?” ಎಂದವನೇ ಕಾರು ಹತ್ತಿದ.

“ನನ್ನ ಮನಿ ಹಾಳ ಮಾಡಿದ್ಯಲ್ಲ!” ಗಿರಿಮಲ್ಲಪ್ಪ ಚೀರಿದ.

ಸಾವಿತ್ರೆವ್ವ ಬದುವಿನವರೆಗೆ ಬಂದು ಅವನ ಚಪ್ಪಲಿಗಳನ್ನೆತ್ತಿ ಅವನ ಮೋರೆಯ ಮುಂದೆ ಒಗೆದಳು. “ಮೆಟ್ಟಕೊ. ಇನ್ನ ಕೋರ್ಟಿನ್ಯಾಗ ಭೆಟ್ಟಿ ಆಗೂಣು. ಅಲ್ಲಿ ಬಿಚ್ಚೂದು ಬೇಕಾಗಿಲ್ಲ.”

ಆಮೇಲೆ ತನ್ನ ಚಪ್ಪಲಿ ಬದುವಿನ ಮೇಲೆ ಬಿಟ್ಟು ಒಳಗೆ ಹೋದಳು. ಸೆರಗು ಸಿಗಿಸಿಕೊಂಡು, ಅವ್ವನ ಮೇಲೆ ಬೆಳೆದ ಕಬ್ಬನ್ನು ಕಿತ್ತು ಕಿತ್ತು ತಮ್ಮನ ಕಾಲ ಹತ್ತಿರ ಎಸೆಯತೊಡಗಿದಳು.