ಭವನದ ಮೇಲೆ ಅಣ್ಣನ ಹೆಸರು

ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂಬುದು ಹಿರಿಯರ ಗಾದೆ. ತೆಂಗು ಇದ್ದರೆ ಮಂಗನ ಹೆಸರೂ ಕಟ್ಟಡವೇರುತ್ತದೆ ಎಂಬುದು ಬಿಳಿಗೆರೆಯವರ ತಿದ್ದುಪಡಿ. ಕತೆಯೆಂದು ಮೂಗು ಮುರಿಯಬೇಡಿ, ಎಳನೀರಿನಷ್ಟು ಶುದ್ಧ ನಿಜ. ಬೇಕಿದ್ದರೆ ಬೋರಮ್ಮನನ್ನೇ ಕೇಳಿ.

ಬೋರಮ್ಮ ಬಿಳಿಗೆರೆಯ ಮಗಳು, ಅಮ್ಮಸಂದ್ರದ ಸೊಸೆ. ಅಣ್ಣ ಜವರಪ್ಪನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಯಾರ ದನಿಯನ್ನಾದರೂ ಕದಿಯುವ ಆ ಮಹಾರಾಯ, ಮದುವೆಮನೆಯೊಂದರಲ್ಲಿ ಅವಳ ಅತ್ತೆಯ ದನಿಯನ್ನು ಅತ್ತೆಯ ಬೆನ್ನ ಹಿಂದೆಯೇ ನಿಂತು ಆಡಿ ತೋರಿಸಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು, ಅತ್ತೆಯೊಬ್ಬಳನ್ನು ಬಿಟ್ಟು.

ಅವತ್ತು ತಿಪಟೂರಿಗೆ ಹೊರಟ ಬಸ್ಸು ಕಿಬ್ಬನಹಳ್ಳಿ ದಾಟಿ ಬಿಳಿಗೆರೆ ಸಮೀಪಿಸಿದಾಗ ಬೋರಮ್ಮ ಕಿಟಕಿಯಾಚೆ ನೋಡಿದಳು. ಕೃಷಿ ವಿಶ್ವವಿದ್ಯಾಲಯದ ಹೊಸ ಕಟ್ಟಡ. ಹಣೆಯ ಮೇಲೆ ದಪ್ಪ ಅಕ್ಷರ: 'ಜವರಪ್ಪ–ಚೌಡಮ್ಮ ಕೃಷಿ ಭವನ'. ಅದಕ್ಕೆ ಚೆಂಡುಹೂವಿನ ಹಾರ.

ಅವಳು ಕಂಡ ಮಟ್ಟಿಗೆ ಗೋಡೆಯ ಮೇಲೆ ಹೆಸರು ಬರೆಸಿ ಹಾರ ಹಾಕುವುದು ತೀರಿಹೋದವರಿಗೇ. ಅಣ್ಣ, ಅತ್ತಿಗೆ ಇಬ್ಬರೂ ಒಟ್ಟಿಗೇ! ಜೋಡಿಯಾಗಿ ಓಡಾಡುತ್ತಿದ್ದ ಸ್ಕೂಟರೇ ಬಿದ್ದಿರಬೇಕು. ತನಗೊಂದು ಸುದ್ದಿಯೂ ಇಲ್ಲ. ಮಾತು ಬಿಟ್ಟವಳಿಗೆ ಯಾರು ತಾನೇ ಹೇಳುತ್ತಾರೆ?

"ನಿಲ್ಸಪ್ಪೋ!" ಎಂದು ಕೂಗಿ ಇಳಿದವಳು ತವರು ಮುಟ್ಟುವಷ್ಟರಲ್ಲಿ ಸೆರಗು ಬಾಯಿಗೆ ಬಂದಿತ್ತು. ಮನೆಯಲ್ಲಿ ಯಾರೂ ಕಾಣಲಿಲ್ಲ. ಹೊಸ್ತಿಲಲ್ಲೇ ಕುಸಿದು ರಾಗ ತೆಗೆದಳು.

"ಅಯ್ಯೋ ನನ್ನಣ್ಣಾ! ಗೊನೆ ಬಿಟ್ಟ ತೆಂಗಿನಂಗಿದ್ಯಲ್ಲಪ್ಪಾ! ಒಂದ್ಸಲ ಬೋರೀ ಅಂತ ಕರೀದೆ ಹೋದ್ಯಲ್ಲೋ! ಅತ್ತೇನ ಆಡ್ಕಂಡ್ರೆ ಆಡ್ಕಂಡೆ ಬುಡು, ಮಾತು ಬುಟ್ಟ ನಾನೇ ಕೆಟ್ಟೋಳು!"

ತಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯಾಗಲೆಂದು ಕೂಡಿಟ್ಟಿದ್ದ ಕಾಯಿಗಳು ಲೊಟಗುಟ್ಟಿದವು. ಆಮೇಲೊಂದು ಕೆಮ್ಮು. ಎಂದೋ ಸತ್ತ ಅಪ್ಪ ಹುಚ್ಚರಂಗಯ್ಯನ ಕೆಮ್ಮು!

"ಬೋರೀ, ಯಾಕವ್ವಾ ಅಳ್ತೀಯ? ನಿನ್ನಣ್ಣ ಇನ್ನೂ ನನ್ ತಾವ ಬಂದಿಲ್ಲ ಕಣವ್ವ."

ಬೋರಮ್ಮ ರಾಗ ಬಿಟ್ಟು ಕೈಮುಗಿದಳು. "ಅಪ್ಪಯ್ಯಾ..."

"ಹೊಗಳಿದ್ದು ಚೆಂದಾಗಿತ್ತು. ಇನ್ನೊಂಚೂರು ಜೋರಾಗಿ ಹೊಗಳು, ಅಟ್ಟಕ್ಕೆ ಸರ್ಯಾಗಿ ಕೇಳ್ತಿಲ್ಲ."

ಅಪ್ಪನಿಗೆ ಇಷ್ಟು ಕೊಬ್ಬು ಇರಲಿಲ್ಲ. ಅವಳು ಕತ್ತೆತ್ತಿದಳು. ಅಟ್ಟದ ಕಿಂಡಿಯಲ್ಲಿ ಧೂಳು ಮೆತ್ತಿದ ಜವರಪ್ಪನ ಮುಖ, ಹಲ್ಲು ಕಿರಿಯುತ್ತಿತ್ತು.

"ನಿನ್ ಬಾಯ್ಗೆ ಮಣ್ಣಾಕ! ಬದ್ಕಿದ್ದೀಯೇನೋ ಅಣ್ಣಾ!" ಕೈಗೆ ಸಿಕ್ಕ ಕಾಯಿಸಿಪ್ಪೆಯನ್ನು ಬೀಸಿದಳು. "ಮತ್ತೆ ಆ ಬೋರ್ಡು? ಹಾರ?"

"ನಾಳೆ ಓಪನಿಂಗ್ ಕಣೇ. ತೆಂಗಿನ ತೋಟದ ಜಾಗ ಕೊಟ್ಟೋರು ಅಂತ ನಮ್ಮಿಬ್ರ ಹೆಸ್ರು ಇಕ್ಕವ್ರೆ. ಕರೆದಿದ್ರೆ ಬತ್ತಿದ್ಯಾ? ನೋಡು, ಸತ್ರೇನೇ ನೀನು ಬರೋದು!"

ಅಷ್ಟರಲ್ಲಿ ಹಿತ್ತಲ ಕೊಟ್ಟಿಗೆಯಿಂದ ಚೌಡಮ್ಮ ಹಾಲಿನ ತಂಬಿಗೆ ಹಿಡಿದು ಬಂದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಅಲ್ಲ ಬೋರಮ್ಮ, ಆ ಬೋರ್ಡ್ನಾಗೆ ನಾನೂ ಸತ್ತಿದ್ನಲ್ಲ? ನನ್ ಸರದಿ ಯಾವಾಗ ಬತ್ತದೆ ಅಂತ ಕೊಟ್ಟಿಗೇಲಿ ಕಾಯ್ತಾ ನಿಂತಿವ್ನಿ, ನಂಗೋಸ್ಕರ ಒಂಚೂರೂ ಅಳ್ಲಿಲ್ವಲ್ಲೇ!"

ಜವರಪ್ಪ ಅಟ್ಟದಲ್ಲಿ ಹೊಟ್ಟೆ ಹಿಡಿದುಕೊಂಡ. ಬೋರಮ್ಮ ಹೊಸ್ತಿಲಿಗೊರಗಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ನಕ್ಕಳು. ಆ ನಗುವಿನ ಮುಂದೆ ಅಣ್ಣ–ಅತ್ತಿಗೆಯ ನಗು ಕೇಳಿಸಲೇ ಇಲ್ಲ.