ಪಾದೋದಕದ ಬಟ್ಟಲು

“ಆ ಬಟ್ಟಲು ಕೆಳಗಿಡು ಗುರುಬಸಿ.”

“ಇಡಲ್ಲ ಅಣ್ಣ.”

“ಪಾದೋದಕ ಕಣೆ ಅದು. ನಿಮ್ಮಾಸ್ಪತ್ರೆ ಬಚ್ಚಲ ನೀರಲ್ಲ.”

“ಕೀವು ತೊಳೆದ ನೀರು. ಮಗೀಗೆ ಕುಡಿಸಕ್ಕೆ ಬುಡಲ್ಲ. ಬೇಕಾದ್ರೆ ನೀ ಕುಡ್ಕೊ.”

ಇಷ್ಟು ಹೇಳಿ ನನ್ನ ತಂಗಿ ಹಿತ್ತಲ ಬಾಗಿಲಿಗೆ ಹೋಗಿ, ಬಟ್ಟಲಲ್ಲಿದ್ದುದನ್ನು ದಾಸವಾಳದ ಬುಡಕ್ಕೆ ಸುರಿದಳು. ಎಸೆಯಲಿಲ್ಲ, ಚೆಲ್ಲಾಡಲಿಲ್ಲ. ದಿನಾ ಗಿಡಕ್ಕೆ ನೀರು ಹಾಕುವವಳ ಹಾಗೆ ನಿಧಾನವಾಗಿ ಸುರಿದಳು. ಅದಕ್ಕೇ ನನಗೆ ಇನ್ನೂ ಉರಿಯಿತು.

ಅಯ್ನೋರು ಹಲಗೆಯ ಮೇಲೆ ಕುಳಿತೇ ಇದ್ದರು, ಕಾಲು ತಾಮ್ರದ ತಟ್ಟೆಯೊಳಗೆ. ಹೊನ್ನೂರಿನ ಅಯ್ನೋರ ಮನೆ ನಮ್ಮ ತಾತನ ಕಾಲದಿಂದ ನಮಗೆ ಗುರುಮನೆ. ವರ್ಷಕ್ಕೆರಡು ಸಲ ಗಾಡಿ ಕಟ್ಟಿಸಿಕೊಂಡು ಮುಳ್ಳೂರಿಗೆ ಬರುತ್ತಾರೆ. ಬಂದ ದಿನ ಅವರ ಪಾದ ತೊಳೆದು, ಆ ನೀರನ್ನು ಮನೆಯವರೆಲ್ಲ ಅಂಗೈಯಲ್ಲಿ ಹಿಡಿದು ಕುಡಿಯುತ್ತೇವೆ. ಲಿಂಗ ಕಟ್ಟಿದ ಮನೆಯಲ್ಲಿ ಇದು ಊಟದಷ್ಟೇ ಸಹಜ. ಆ ಸಲ ಅವರ ಬಲಗಾಲ ಹೆಬ್ಬೆರಳಲ್ಲಿ ಹುಣ್ಣಿತ್ತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದರು. ಪೂಜೆಗೆಂದು ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ನನಗೂ ಬಂತು. ಬಂದಿಲ್ಲ ಅಂದುಕೊಂಡು ನೀರು ಹೊಯ್ದೆ. ಮೊದಲು ಅವ್ವ ಕುಡಿದಳು, ಆಮೇಲೆ ನಾನು. ನನ್ನ ಹೆಂಡತಿ ಶಿವರತ್ನ ಮೂರು ವರ್ಷದ ಮಗಳ ಬಾಯಿಗೆ ಬಟ್ಟಲು ಹಿಡಿಯುವಾಗ ಇವಳು ಒಳಮನೆಯಿಂದ ಎದ್ದು ಬಂದು ಕಿತ್ತುಕೊಂಡಳು.

ಗುರುಬಸಮ್ಮ ಮದ್ರಾಸಿನ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಳು. ನಾಲ್ಕು ವರ್ಷದ ಓದು, ಮೂರು ಮುಗಿದಿತ್ತು. ಸೇರಿಸಿದ್ದು ಅಪ್ಪ. ಸೇರಿಸಿದ ವರ್ಷವೇ ಅವನು ತೀರಿಕೊಂಡ. ಆಮೇಲೆ ಊರ ಬಾಯಿಗೆ ಸಿಕ್ಕಿದವನು ನಾನು. ಶಾಗ್ಯದಿಂದ ಬಂದಿದ್ದ ಸಂಬಂಧ, ಹುಡುಗಿ ಗಂಡಸರ ಮೈ ಒರೆಸುತ್ತಾಳಂತೆ ಎಂದು ವಾಪಸ್ಸು ಹೋಯಿತು. ದನದ ಸಂತೆಯಲ್ಲಿ ಒಬ್ಬ, “ಏನ್ ರುದ್ರಸ್ವಾಮಿ, ನಿನ್ ತಂಗಿ ಸೂಜಿ ಚುಚ್ಚಾಳಂತೆ, ನನ್ನೆತ್ತಿಗೂ ಒಂದ್ ಚುಚ್ಚುಸ್ಲಾ” ಅಂದ. ಅವನ ಕೆನ್ನೆಗೆ ಬಿಟ್ಟು ಬಂದೆ. ಮನೆಗೆ ಬಂದು ಅದೇ ಸಿಟ್ಟನ್ನು ಅವ್ವನ ಮೇಲೆ ತೀರಿಸಿಕೊಂಡೆ.

ಹತ್ತು ದಿನದ ರಜಕ್ಕೆ ಬಂದವಳು ಮೊದಲ ನಾಲ್ಕು ದಿನ ಬರೀ ಮಲಗಿದಳು. ಮುದ್ದೆ ಮುರಿಯುತ್ತಲೇ ತೂಕಡಿಸುತ್ತಿದ್ದಳು. ಕಾಲು ಊದಿದ್ದವು, ಕೈ ಅಗಸರ ಕೈಯಂತೆ ಬಿರಿದಿದ್ದವು. “ಇದೇನವ್ವ ಓದು, ಒಲ ಗೇದೋಳಂಗೆ ಆಗಿದ್ದೀಯಲ್ಲ” ಎಂದು ಅವ್ವ ಹರಳೆಣ್ಣೆ ತಿಕ್ಕಿದಳು. ಅವಳು ಉತ್ತರ ಕೊಡುವ ಮೊದಲೇ ನಿದ್ದೆ ಹೋಗಿದ್ದಳು.

ಬಂದ ದಿನವೇ ಒಂದು ಕಾಗದ ಕೊಟ್ಟಿದ್ದಳು. ಕೊನೆ ವರ್ಷ ಹಳ್ಳಿಗಳಲ್ಲಿ ಉಳಿದುಕೊಂಡು ಬಾಣಂತಿಯರನ್ನೂ ರೋಗಿಗಳನ್ನೂ ನೋಡಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಬೇಕು. ಮನೆಯವರ ಸಹಿ ಇಲ್ಲದಿದ್ದರೆ ಕಾಲೇಜು ಒಳಗೆ ಸೇರಿಸುವುದಿಲ್ಲ, ಮೂರು ವರ್ಷದ ಓದು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ: ಆ ಕಾಗದಕ್ಕೆ ನಾನು ಅವತ್ತು ಸಂಜೆಯೇ ಸಹಿ ಹಾಕಿದ್ದೆ. ಹಾಕಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವಳು ಇನ್ನೆರಡು ಸಲ ಕೇಳಲಿ, ಮನೆಯ ಯಜಮಾನ ಯಾರೆಂದು ನೆನಪಿರಲಿ ಅಂತ. ಅಷ್ಟೇ. ಬೇರೆ ಏನೂ ಇರಲಿಲ್ಲ.

ಹಿತ್ತಲಿಂದ ಬಂದವಳನ್ನು ನಡುಮನೆಯಲ್ಲೇ ತಡೆದು ನಿಲ್ಲಿಸಿದೆ.

“ಪಾದೋದಕಕ್ಕೆ ಮೈಲಿಗೆ ಅಂತೀಯಾ? ಯಾವ ಜಾತೀಲಿ ಉಟ್ಟಿದ್ದೀಯ ಗೊತ್ತೇನೆ?”

“ಮೈಲಿಗೆ ಮಾತಲ್ಲ ಅಣ್ಣ, ರೋಗದ ಮಾತು. ಲಿಂಗ ಕಟ್ಟಿದೋರ್ಗೆ ಮೈಲಿಗೆ ಇಲ್ಲ ಅಂತ ಅಪ್ಪನೇ ಹೇಳ್ಕೊಟ್ಟಿದ್ದು. ಅದುಕ್ಕೇ ಅಲ್ಲಿ ಎಲ್ಲಾರ್ ಮೈನೂ ಮುಟ್ತೀನಿ.”

ದನಿ ಏರಿಸಲಿಲ್ಲ. ಏರಿಸುವಷ್ಟು ತ್ರಾಣ ಅವಳಲ್ಲಿ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನನ್ನ ಪಕ್ಕದಿಂದ ದಾಟಿ ಒಲೆಯ ಹತ್ತಿರ ಹೋಗಿ ನೀರು ಕಾಯಿಸಿದಳು. ಹಳೆ ಸೀರೆ ಹರಿದು ಅದರಲ್ಲೇ ಕುದಿಸಿದಳು. ಅಯ್ನೋರ ಮುಂದೆ ಕುಳಿತು, ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಣ್ಣು ತೊಳೆಯತೊಡಗಿದಳು.

“ನೋಯ್ತದಾ ಬುದ್ಧಿ?”

“ಇಲ್ಲ ಕಣವ್ವ. ಏನೂ ಗೊತ್ತಾಗಲ್ಲ.”

“ನೋಯ್ದೇ ಇರೋದು ಒಳ್ಳೇದಲ್ಲ. ಸಕ್ಕರೆ ಕಾಯಿಲೆ ಇರಬೌದು. ತಡ ಮಾಡ್ದೆ ಮೈಸೂರು ಆಸ್ಪತ್ರೆಗೆ ಓಗಿ. ಕಾಲ್ಬೆರಳು ಉಳೀಬೇಕು ಅಂದ್ರೆ ಈ ವಾರವೇ ಓಗಿ.”

ಅಯ್ನೋರು ತಟ್ಟೆಯ ಕಡೆ ನೋಡಿದರು. “ನಾಕು ತಿಂಗಳಿಂದ ನಾಕೂರಲ್ಲಿ ಈ ಕಾಲು ತೊಳಸ್ಕಂಡಿವ್ನಿ. ಯಾರೂ ಬ್ಯಾಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ” ಅಂದರು.

ಆಗಲೇ ನಾನು ಬಾಯಿ ಮುಚ್ಚಬೇಕಿತ್ತು. ಅಯ್ನೋರಿಗೇ ಬೇಸರವಿಲ್ಲದ ಮೇಲೆ ನನಗೇನು? ಆದರೆ ಬಾಗಿಲಲ್ಲಿ ಗಾಡಿಯವನು ನಿಂತಿದ್ದ, ಪಕ್ಕದ ಮನೆಯ ದೊಡ್ಡಮಾದಮ್ಮ ನಿಂತಿದ್ದಳು. ನಾಳೆ ಊರೆಲ್ಲ ಸುದ್ದಿ ಆಗುತ್ತದೆ ಎನ್ನುವುದೊಂದೇ ತಲೆಯಲ್ಲಿ.

“ಅಯ್ನೋರ್ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು. ಆಮೇಲೆ ನಿನ್ ಕಾಗದ” ಅಂದೆ.

“ಅವ್ರ ಕಾಲು ನನ್ ತೊಡೆ ಮೇಲೇ ಅದೆ. ಇನ್ನೆಲ್ಲಿಗೆ ಬೀಳ್ಲಣ್ಣ?”

ದೊಡ್ಡಮಾದಮ್ಮ ಕಿಸಕ್ಕೆಂದಳು.

“ಬುಡಪ್ಪ ರುದ್ರಸ್ವಾಮಿ, ಅವ್ಳು ಏನೂ ತಪ್ ಮಾಡ್ನಿಲ್ಲ” ಎಂದರು ಅಯ್ನೋರು.

“ನೀವ್ ಸುಮ್ನಿರಿ ಬುದ್ಧಿ. ಇದು ನಮ್ಮನೆ ಮಾತು.”

ಮನೆ ಗುರುವಿನ ಬಾಯಿ ಮುಚ್ಚಿಸಿದ್ದು ನಾನು. ನೀರು ಚೆಲ್ಲಿದವಳು ಹಾಗೆ ಮಾಡಿರಲಿಲ್ಲ. ಅದೂ ನನಗೆ ಗೊತ್ತಾಯಿತು. ಗೊತ್ತಾದಷ್ಟೂ ಸಿಟ್ಟು ಹೆಚ್ಚಾಯಿತು.

“ತಪ್ಪಾಯ್ತು ಅನ್ನೋವರ್ಗೂ ಸಹಿ ಇಲ್ಲ. ಓದಿದ್ದು ಸಾಕು, ಮನೇಲಿ ಬಿದ್ದಿರು.”

ಅವಳು ಕಟ್ಟು ಮುಗಿಸಿ, ಗಂಟು ಹಾಕಿ, ಕೈ ತೊಳೆದು ಬಂದಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ದಣಿದಿದ್ದಳು, ಅಷ್ಟೇ. ಟ್ರಂಕಿನಿಂದ ಬಿಳಿ ಕಾಗದ ತೆಗೆದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಅವ್ವನ ಮುಂದೆ ಇಟ್ಟಳು.

“ಅವ್ವಾ, ಇಲ್ಲಿ ಒಂದು ಬೆಟ್ಟೊತ್ತು.”

“ನನ್ನೆಬ್ಬೆಟ್ಟು ಆಯ್ತದಾ ಮಗ, ಅಷ್ಟ್ ದೊಡ್ಡ ಕಾಲೇಜಿಗೆ?”

“ಆದ್ರೂ ಆಗಬೌದು, ಆಗ್ದೇನೂ ಇರಬೌದು. ಒತ್ತು.”

ಅವ್ವ ನನ್ನ ಕಡೆ ನೋಡಲಿಲ್ಲ. ಎಡಗೈ ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡು ಒತ್ತಿದಳು. ಅಯ್ನೋರು ಲೇಖನಿ ಇಸಿದುಕೊಂಡು ಕೆಳಗೆ ಸಾಕ್ಷಿ ಎಂದು ಬರೆದು ತಮ್ಮ ಹೆಸರು ಹಾಕಿದರು.

ಪೆಟ್ಟಿಗೆಯ ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಎರಡು ಹೆಜ್ಜೆ ನಡೆದು ಬೀಗ ತೆಗೆದರೆ ಆಗುತ್ತಿತ್ತು. ಅವಳು ಸೀರೆ ಮಡಿಸುವಾಗ ಆ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದೆ. ತೆಗೆದುಕೊಟ್ಟರೆ ಮೊದಲೇ ಸಹಿ ಹಾಕಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಇಷ್ಟು ಹೊತ್ತು ಕೂಗಾಡಿದ್ದು ಬರೀ ಆಟ ಎಂದಾಗುತ್ತದೆ. ಇಷ್ಟೇ ನನ್ನನ್ನು ಹಿಡಿದದ್ದು.

“ಒಸ್ಲು ದಾಟುದ್ರೆ ಮತ್ತೆ ಬರಬ್ಯಾಡ” ಎಂದೆ.

ಅವಳು ಟ್ರಂಕು ಮುಚ್ಚಿದಳು. ಶಿವರತ್ನಳಿಗೆ, “ಮಗೀಗೆ ಕಾಯ್ಸಿದ ನೀರೇ ಕೊಡು ಅತ್ತಿಗೆ” ಅಂದಳು. ಅವ್ವನ ಕಾಲು ಮುಟ್ಟಿದಳು. ಟ್ರಂಕು ಎತ್ತಿಕೊಂಡು ನನ್ನ ಮುಂದೆ ಒಂದು ಗಳಿಗೆ ನಿಂತಳು.

“ಓಯ್ತೀನಿ ಅಣ್ಣ.”

ನಮ್ಮಲ್ಲಿ ಹೊರಡುವವರು ಹಾಗೆ ಹೇಳುವುದಿಲ್ಲ, ಓಗಿಬತ್ತೀನಿ ಅನ್ನುತ್ತಾರೆ. ಅಯ್ನೋರು ತಮ್ಮ ಗಾಡಿಯಲ್ಲಿ ಕೊಳ್ಳೇಗಾಲದವರೆಗೆ ಬಿಡುತ್ತೇನೆಂದರು. ನಿಮ್ಮ ಕಾಲಿಗೆ ಕುಲುಕಾಟ ಆಗದು ಬುದ್ಧಿ, ಮಲಗಿ ಎಂದು ನಡೆದೇ ಹೋದಳು. ಅವಳು ಹಿಡಿಯಬೇಕಿದ್ದ ಸತ್ಯಮಂಗಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆರೆ ಏರಿಯ ಮೇಲೆ ಎರಡು ಸಲ ಟ್ರಂಕು ಕೆಳಗಿಟ್ಟು ಕೈ ಬದಲಾಯಿಸಿದ್ದನ್ನು ಜಗಲಿಯಿಂದ ನೋಡಿದೆ. ಓಡಿದ್ದರೆ ಸಿಗುತ್ತಿದ್ದಳು.

ಹೆಬ್ಬೆಟ್ಟಿನ ಕಾಗದವನ್ನು ಕಾಲೇಜಿನವರು ಒಪ್ಪಿದರಂತೆ. ಮರುವರ್ಷ ಪಾಸಾದಳೆಂದು ಅವ್ವನಿಗೆ ಕಾರ್ಡು ಬಂತು. ನನಗೆ ಬರಲಿಲ್ಲ. ಅಯ್ನೋರು ಮೈಸೂರಿಗೆ ಹೋಗಿ ಒಂದು ಬೆರಳು ತೆಗೆಸಿಕೊಂಡು ಬಂದರು, ಕಾಲು ಉಳಿಯಿತು. ಈಗಲೂ ಬರುತ್ತಾರೆ, ಪಾದ ಮುಂದೆ ಚಾಚುವುದಿಲ್ಲ. ನಾನು ಸಹಿ ಹಾಕಿದ ಕಾಗದ ಪೆಟ್ಟಿಗೆಯಲ್ಲೇ ಇದೆ. ಗುರುಬಸಿ ಬರಲಿಲ್ಲ.