ಹದಿನೈದನೆಯ ದೋಷ

ಬಟ್ಟೆ ಗಿರಣಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಭೂತಗನ್ನಡಿ ಎಂದು. ಇಪ್ಪತ್ತೇಳು ವರ್ಷದಿಂದ ಅವನ ಕೆಲಸ ಒಂದೇ. ಕೆಳಗಿನಿಂದ ದೀಪ ಹೊತ್ತಿಸಿದ ಗಾಜಿನ ಮೇಜಿನ ಮೇಲೆ ಬಟ್ಟೆಯ ಥಾನು ಹರಿದುಹೋಗುತ್ತಿರುತ್ತದೆ. ಇವನು ಎದುರಿಗೆ ಕೂತು, ಎಲ್ಲಿ ನೂಲು ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಬಣ್ಣ ಕೂದಲೆಳೆಯಷ್ಟು ಮಂಕಾಗಿದೆ ಎಂದು ಹುಡುಕಿ ಸೀಮೆಸುಣ್ಣದ ಗುರುತು ಹಾಕಬೇಕು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಜನ ಬೈಯುತ್ತಾರೆ. ಇವನಿಗೆ ಅದಕ್ಕೇ ಸಂಬಳ ಕೊಡುತ್ತಿದ್ದರು. ತೊಂದರೆಯೆಂದರೆ ಸಂಜೆ ಗಿರಣಿಯಿಂದ ಹೊರಬಿದ್ದ ಮೇಲೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಬೆರೆಸಿ ಸಿಕ್ಕಿಬೀಳುವ ಹೆದರಿಕೆ.

ಇಂಥವನಿಗೆ ಒಂದು ಆಸೆ ಇತ್ತು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಹಿಂದುಗಡೆ ಇಳಿಜಾರಾದ ಸ್ಪೋರ್ಟ್ಸ್ ಕೂಪೆ. ಮದುವೆಯಾದ ಹೊಸತರಲ್ಲಿ, ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅಂಥದ್ದೊಂದು ಎದುರಿಗೆ ಹಾದುಹೋಯಿತು. ಒಂದು ದಿನ ನಿನ್ನನ್ನು ಇಂಥದ್ದರಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ್ದ. ಅವಳು ನಕ್ಕು, ಆಗಲಿ ಎಂದಿದ್ದಳು. ಮಕ್ಕಳು ಓದಿ ಅವರವರ ದಾರಿ ಹಿಡಿಯುವ ಹೊತ್ತಿಗೆ ಇವನಿಗೆ ಐವತ್ನಾಲ್ಕು. ಕೈಯಲ್ಲಿದ್ದದ್ದು ಹೊಸ ಕಾರಿನ ಹತ್ತಿರಕ್ಕೂ ಸುಳಿಯಲಾಗದ ಮೊತ್ತ, ಆದರೆ ಹಳೆಯದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಲು ಸಾಕು. ಆರಿಸಿಕೊಳ್ಳುವುದು, ಅದೇ ಎಡವಟ್ಟಾಗಿದ್ದು.

ಒಂದೂವರೆ ವರ್ಷದಲ್ಲಿ ಹನ್ನೊಂದು ಕಾರು ನೋಡಿ ಹನ್ನೊಂದಕ್ಕೂ ಮೂಗು ಮುರಿದಿದ್ದ. ಒಂದು ನೀಲಿ ಕಾರು ಮೀಟರಿನ ಪ್ರಕಾರ ಹೆಚ್ಚು ಓಡಿಯೇ ಇರಲಿಲ್ಲ, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ನುಣ್ಣಗಾಗಿತ್ತು. ಇನ್ನೊಂದರ ನೆಲಹಾಸು ಹೊಚ್ಚ ಹೊಸದು, ಅದರ ಕೆಳಗೆ ಮೂಗಿಟ್ಟರೆ ನೀರು ನಿಂತ ವಾಸನೆ. ಮತ್ತೊಬ್ಬ ಮಾರಾಟಗಾರ, ತಣ್ಣಗಿದ್ದಾಗಿನ ಕಟಕಟ ಕೇಳಿಸದಿರಲೆಂದು, ಇವನು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ ಇವನು ಮಾತೂ ಆಡದೆ ಹಿಂದಿರುಗಿದ. ಇವೆಲ್ಲ ನ್ಯಾಯವೇ. ಆದರೆ ಒಂಬತ್ತನೆಯದನ್ನು ಬಿಟ್ಟದ್ದು ಇವನು ಕೇಳಿದ ಬೆಲೆಗೆ ಮಾರುವವನು ಬೇಗ ಒಪ್ಪಿಕೊಂಡ ಎಂಬ ಕಾರಣಕ್ಕೆ.

"ಇದು ಹನ್ನೆರಡನೇದು," ಎಂದಳು ಹೆಂಡತಿ, ಪೇಪರಿನ ಜಾಹೀರಾತು ಅವನ ಮುಂದಿಟ್ಟು. "ಇದನ್ನಾದ್ರೂ ತಗೊಳ್ಳಿ, ಇಲ್ಲಾಂದ್ರೆ ಕಾರು ಅನ್ನೋ ಮಾತು ಈ ಮನೇಲಿ ಇನ್ನು ಎತ್ಬೇಡಿ. ನಂಗೂ ಸಾಕಾಗಿದೆ."

ಅವಳು ದನಿ ಏರಿಸಿರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಇವಳು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯಲ್ಲ.

ಕಾರಿನ ಒಡತಿ ಮೊದಲು ಡ್ರೈವಿಂಗ್ ಪರೀಕ್ಷಕಿಯಾಗಿದ್ದವರು. ಮೂವತ್ತು ವರ್ಷ ಲೈಸೆನ್ಸ್ ಬೇಡಿಬಂದವರ ಪಕ್ಕದಲ್ಲಿ ಕೂತು, ಮೊಣಕಾಲಿನ ಮೇಲೆ ಫಾರಂ ಇಟ್ಟುಕೊಂಡು, ಅರ್ಧಕ್ಕರ್ಧ ಜನರನ್ನು ಫೇಲು ಮಾಡಿ ನಿವೃತ್ತರಾದವರು. ಬೀದಿಯ ಕೊನೆಯಲ್ಲಿ ಅವರ ಮನೆ, ಜೊತೆಗೆ ತಂಗಿ. ಇಬ್ಬರೇ. ಗ್ಯಾರೇಜಿನ ಬಾಗಿಲು ಎತ್ತಿದಾಗ ಭೂತಗನ್ನಡಿ ತನಗರಿವಿಲ್ಲದೆ ಒಂದು ಹೆಜ್ಜೆ ಮುಂದಿಟ್ಟ. ಕಡುಗೆಂಪು ಬಣ್ಣ, ಎರಡು ಬಾಗಿಲು, ಇಳಿಜಾರು ಬೆನ್ನು. ಅವನು ಕೂಡಲೇ ಮುಖ ಗಂಟಿಕ್ಕಿಕೊಂಡ. ಖುಷಿ ಮುಖದ ಮೇಲೆ ಕಂಡರೆ ಬೆಲೆ ಏರುತ್ತದೆ.

ಅವನು ಟಾರ್ಚು ಹೊರತೆಗೆಯುವ ಮೊದಲೇ ಆಕೆ ಒಂದು ಹಾಳೆ ಕೊಟ್ಟರು.

"ಇದರಲ್ಲಿ ಏನೇನು ಸರಿಯಿಲ್ಲ ಅಂತ ಬರ್ದಿದೀನಿ. ಹದಿನಾಲ್ಕು ಇದೆ. ಓದ್ಕೊಂಡು ಆಮೇಲೆ ನೋಡಿ."

ಹಳೆಯ ಪರೀಕ್ಷಾ ಫಾರಮ್ಮಿನ ಹಿಂಬದಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಕಿಟಕಿ ಗಾಜು ಮುಕ್ಕಾಲು ಇಳಿದ ಮೇಲೆ ಒಂದು ಕ್ಷಣ ನಿಂತು ಯೋಚನೆ ಮಾಡುತ್ತದೆ. ಎರಡನೇ ಗೇರಿಗೆ ಬೆಳಗ್ಗೆ ಹೊತ್ತು ಮುನಿಸು, ಎಂಜಿನ್ ಬಿಸಿಯಾದರೆ ರಾಜಿ. ಹಿಂದಿನ ಬಂಪರಿನ ಎಡಮೂಲೆಗೆ ಮರು ಬಣ್ಣ, ತಪ್ಪು ನನ್ನದೇ, ಕಂಬದ್ದಲ್ಲ. ಹೀಗೆ ಹದಿನಾಲ್ಕು.

ಬೇರೆ ಯಾರಾದರೂ ಆಗಿದ್ದರೆ ಇಂಥ ಪ್ರಾಮಾಣಿಕರು ಸಿಕ್ಕರಲ್ಲ ಎಂದು ಕೈ ಮುಗಿಯುತ್ತಿದ್ದರು. ಭೂತಗನ್ನಡಿಯ ಕಿವಿ ನೆಟ್ಟಗಾಯಿತು. ಗಿರಣಿಯಲ್ಲಿ ಈ ಆಟ ಅವನು ನೂರು ಸಲ ನೋಡಿದ್ದ. ನೇಯುವ ವಿಭಾಗದವರು ಥಾನಿನ ಮೊದಲ ಮೂರು ಗಜದಲ್ಲಿರುವ ಸಣ್ಣಪುಟ್ಟ ತಪ್ಪುಗಳಿಗೆ ತಾವೇ ಕೆಂಪು ಚೀಟಿ ಕಟ್ಟಿ ಕಳಿಸುತ್ತಾರೆ. ಆಹಾ ಎಷ್ಟು ಒಳ್ಳೆಯವರು ಎಂದು ತಪಾಸಣೆಯವನು ಬೆನ್ನು ಒರಗಿಸಿ ಕೂತ ಹೊತ್ತಿಗೆ, ಒಳಸುತ್ತಿನಲ್ಲಿ ಅಂಗೈಯಗಲದ ತೂತು ಸದ್ದಿಲ್ಲದೆ ದಾಟಿಹೋಗುತ್ತದೆ. ಚೀಟಿ ಕಟ್ಟಿ ಬಂದ ಥಾನನ್ನು ಎರಡು ಸಲ ನೋಡಬೇಕು ಎಂಬುದು ಅವನೇ ಹೊಸಬರಿಗೆ ಕಲಿಸಿದ ನಿಯಮ. ಹದಿನಾಲ್ಕು ಹೇಳಿದವರು ಹದಿನೈದನೆಯದನ್ನು ಬಚ್ಚಿಟ್ಟಿರಲೇಬೇಕು.

ಅಂದು ಎರಡು ಗಂಟೆ ಹುಡುಕಿದ. ಬಾಗಿಲಿನ ಸಂದುಗಳಿಗೆ ಬೆರಳು ಓಡಿಸಿದ. ಎಣ್ಣೆ ಮುಚ್ಚಳ ಬಿಚ್ಚಿ ಮೂಸಿದ. ಅಂಗಿ ಕೊಳೆಯಾದೀತೆಂಬ ಪರಿವೆಯಿಲ್ಲದೆ ಕೆಳಗೆ ಮಲಗಿ ತುಕ್ಕು ಹುಡುಕಿದ. ಸಿಕ್ಕಿದ್ದು ಹದಿನಾಲ್ಕೇ. ಒಂದೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಅವನಿಗೆ ಸಿಟ್ಟು ಬಂತು.

ಮರುವಾರ ಬಾಮೈದನನ್ನು ಕರೆದುಕೊಂಡು ಹೋದ. ಹೆಂಡತಿಯ ತಮ್ಮ, ಒಳ್ಳೆಯ ಮೆಕ್ಯಾನಿಕ್ಕು, ಮಾತು ಕಡಿಮೆ. ಅವನು ಕಾರನ್ನು ಜಾಕಿನ ಮೇಲೆ ಎತ್ತಿದ, ಇಳಿಸಿದ, ಊರಾಚೆಯವರೆಗೆ ಓಡಿಸಿಕೊಂಡು ಬಂದ.

"ಭಾವ, ಕಣ್ಣು ಮುಚ್ಕೊಂಡು ತಗೊಳ್ಳಿ. ಈ ಬೆಲೆಗೆ ಇಂಥದ್ದು ಇನ್ನು ಸಿಗಲ್ಲ."

"ಆಕೆ ನಿಂಗೇನಾದ್ರೂ ಕೊಟ್ರಾ?"

ಬಾಮೈದ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ನಿಧಾನವಾಗಿ ಮಡಚಿ ಜೇಬಿಗೆ ಹಾಕಿಕೊಂಡ. "ಅಕ್ಕನ ಮುಖ ನೋಡ್ಕೊಂಡು ಸುಮ್ನಿದೀನಿ," ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದ.

ತಪ್ಪು ಮಾತಾಡಿದೆ ಎಂದು ಭೂತಗನ್ನಡಿಗೆ ಅನ್ನಿಸದೇ ಇರಲಿಲ್ಲ. ಅನ್ನಿಸಿದ್ದು ಅರೆಗಳಿಗೆ. ಅಷ್ಟರಲ್ಲಿ ಅವನ ಕಣ್ಣಿಗೆ ಬೇರೊಂದು ಬಿತ್ತು. ಪರೀಕ್ಷಕಿ ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಿ ಇಳಿಯುತ್ತಿದ್ದರು. ಕೂಪೆಯ ಸೀಟು ಎಷ್ಟು ತಗ್ಗೆಂದರೆ ಅಲ್ಲಿಂದ ಏಳುವಾಗ ಬಾಮೈದನೇ ಬಾಗಿಲಿನ ಮೇಲ್ತುದಿ ಹಿಡಿದುಕೊಂಡಿದ್ದ. ಆಕೆ ಎಲ್ಲೂ ಕೈ ಊರದೆ, ಒಂದೇ ಏಟಿಗೆ, ಹದಿನೆಂಟರ ಹುಡುಗಿಯ ಹಾಗೆ ಎದ್ದು ನಿಂತರು.

ಆಕೆ ಕಾರು ಮಾರುತ್ತಿದ್ದದ್ದಕ್ಕೆ ಕೊಟ್ಟ ಕಾರಣ ಸೊಂಟನೋವು. ತಗ್ಗು ಸೀಟಿನಿಂದ ಏಳಲಾಗುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಅಲ್ಲಿಗೆ ಸಿಕ್ಕಿತು ಎಂದುಕೊಂಡ ಭೂತಗನ್ನಡಿ. ಸುಳ್ಳು ಹೇಳಿ ಮಾರುತ್ತಿದ್ದಾರೆ ಎಂದ ಮೇಲೆ ಕಾರಿನಲ್ಲಿ ಏನೋ ಇದೆ. ಎಂಜಿನ್ನಿನ ಒಳಗೋ, ಕಾಗದಪತ್ರದಲ್ಲೋ, ಯಾರಿಗೋ ಗುದ್ದಿದ್ದೋ. ಆ ವಾರವೆಲ್ಲ ಮೇಜಿನ ಮುಂದೆ ಕೂತಾಗಲೂ ಅದೇ ಯೋಚನೆ. ಎರಡು ಥಾನಿನ ದೋಷ ಅವನ ಕಣ್ಣು ತಪ್ಪಿ ಹೋದವು; ಇಪ್ಪತ್ತೇಳು ವರ್ಷದಲ್ಲಿ ಹಾಗಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಗಂಡಹೆಂಡತಿ ಇಬ್ಬರೂ ಹೋದರು. ದುಡ್ಡಿನ ಲಕೋಟೆ ಹೆಂಡತಿಯ ಕೈಚೀಲದಲ್ಲಿತ್ತು. ಅವಳು ಒಳ್ಳೆಯ ಸೀರೆ ಉಟ್ಟುಕೊಂಡಿದ್ದಳು, ಹಿಂದಿರುಗುವಾಗ ಕೆಂಪು ಕಾರಿನಲ್ಲಿ ಕೂತು ಬರಬೇಕಲ್ಲ. ದಾರಿಯಲ್ಲಿ, "ಏನೂ ಕೇಳ್ಬೇಡಿ ಇನ್ನು. ಕೊಟ್ಟು, ತಗೊಂಡು, ಬರೋಣ," ಎಂದಳು. ಅವನು ಹೂಂ ಎಂದ.

ಮನೆಯ ಮುಂಗೋಣೆ ಚಿಕ್ಕದು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಊರಿನ ರಸ್ತೆಗಳ ನಕ್ಷೆ, ಎದುರುಬದುರು ಎರಡು ಸೋಫಾ, ನಡುವೆ ಒಂದು ಮೇಜು. ತಂಗಿ ಟೀ ತಂದುಕೊಟ್ಟು ಅಲ್ಲೇ ಕೂತರು. ಅಕ್ಕನಿಗಿಂತ ಮೆದು ಸ್ವಭಾವ, ಮಾತಿಗೊಮ್ಮೆ ಅಕ್ಕನ ಮುಖ ನೋಡುವ ಅಭ್ಯಾಸ. "ಕಾರು ಹೋದ್ರೂ ಪರವಾಗಿಲ್ಲ, ಅಕ್ಕನ ಸೊಂಟ ವಾಸಿಯಾಗ್ಲಿ. ರಾತ್ರಿ ಎಣ್ಣೆ ತಿಕ್ಕಿ ಕೊಡ್ತೀನಿ ಅಂದ್ರೆ ಹತ್ರ ಸೇರಿಸಲ್ಲ ನೋಡಿ," ಎಂದರು. ಪರೀಕ್ಷಕಿ ಕಾಗದಗಳಿಗೆ ಸಹಿ ಹಾಕತೊಡಗಿದ್ದರು. ಹೆಂಡತಿ ಕೈಚೀಲದ ಜಿಪ್ಪು ಎಳೆದಳು.

ಇನ್ನೊಂದು ನಿಮಿಷ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಆಗುತ್ತಿತ್ತು.

"ಮೇಡಂ," ಎಂದ ಭೂತಗನ್ನಡಿ, "ನಿಮ್ಮ ಸೊಂಟಕ್ಕೆ ಏನೂ ಆಗಿಲ್ಲ."

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಹೋದ ವಾರ ನೀವು ಕಾರಿಂದ ಇಳಿದಿದ್ದು ನಾನು ನೋಡಿದೀನಿ. ಎಲ್ಲೂ ಕೈ ಹಿಡೀಲಿಲ್ಲ. ಹದಿನಾಲ್ಕು ಬರ್ದಿದೀರಿ, ಸಂತೋಷ. ಬರೀದೇ ಇರೋದು ಯಾವುದು, ಅದನ್ನ ಹೇಳಿ. ಯಾಕೆ ಮಾರ್ತಿದೀರಿ ಈ ಕಾರನ್ನ?"

ಪೆನ್ನು ನಿಂತಿತು. ತಂಗಿ ಟೀ ಲೋಟ ಹಿಡಿದುಕೊಂಡೇ, "ಅಕ್ಕಾ?" ಎಂದರು.

ಪರೀಕ್ಷಕಿ ತಂಗಿಯ ಕಡೆ ನೋಡಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಇಲ್ಲದವರಿಗೆ ಎರಡನೆಯ ಸುಳ್ಳು ಸುಲಭಕ್ಕೆ ಹುಟ್ಟುವುದಿಲ್ಲ.

"ಹೋದ ತಿಂಗಳು ಎಂಟನೇ ತಾರೀಖು, ಔಷಧಿ ಅಂಗಡಿಗೆ ಅಂತ ಹೊರಟೆ," ಎಂದರು. ದನಿ ಯಾರದೋ ಫಲಿತಾಂಶ ಓದುವವರ ಹಾಗೆ ಸಮವಾಗಿತ್ತು. "ಹನ್ನೊಂದೂವರೆಗೆ ನೋಡಿದ್ರೆ ಹಳೇ ಪರೀಕ್ಷೆ ಮೈದಾನದ ಹತ್ರ ಕಾರು ನಿಲ್ಸಿಕೊಂಡು ಕೂತಿದೀನಿ. ತೊಡೆ ಮೇಲೆ ಫಾರಂ. ಪೆನ್ ತೆಗೆದು ತಾರೀಖು ಹಾಕಿದೀನಿ. ಮೊದಲನೇ ಅಭ್ಯರ್ಥಿ ಇನ್ನೂ ಬಂದಿಲ್ವಲ್ಲ ಅಂತ ಕೋಪ ಬೇರೆ. ನಾನು ರಿಟೈರಾಗಿ ಆರು ವರ್ಷ ಆಯ್ತು. ಆ ಮೈದಾನದಲ್ಲಿ ಈಗ ಮನೆ ಕಟ್ಟಿದಾರೆ."

ಆಕೆ ಪೆನ್ನನ್ನು ಕಾಗದಗಳ ಪಕ್ಕಕ್ಕೆ ಇಟ್ಟರು.

"ಇಲ್ಲಿಂದ ಅಲ್ಲಿಗೆ ಮೂರು ಸಿಗ್ನಲ್ ಇವೆ. ದಾಟಿದ್ದು ಒಂದೂ ನೆನಪಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಫೇಲ್ ಮಾಡ್ತಿದ್ದೆ. ನನ್ನನ್ನೂ ಹಾಗೇ ಮಾಡಿದೆ."

"ಡಾಕ್ಟರಿಗೆ ತೋರ್ಸಿದ್ಯಾ?" ತಂಗಿಯ ದನಿ ಕೇಳಿಸಿದ್ದೂ ಕಷ್ಟದಲ್ಲಿ.

"ತೋರ್ಸಿದೆ."

"ಏನಂದ್ರು?"

"ನೀನು ಏನು ಅಂದ್ಕೊಂಡಿದೀಯೋ ಅದೇ." ಆಮೇಲೆ ಸ್ವಲ್ಪ ತಡೆದು, "ನಿಂಗೆ ಹೇಳೋಳೇ ಇದ್ದೆ. ಮೊದಲು ಕಾರು ಹೋಗ್ಲಿ, ಆಮೇಲೆ ನಿಧಾನಕ್ಕೆ ಹೇಗೆ ಹೇಳೋದು ಅಂತ ಯೋಚನೆ ಮಾಡಿ ಇಟ್ಕೊಂಡಿದ್ದೆ. ಯಾವ ಮಾತು ಮೊದಲು, ಯಾವುದು ಆಮೇಲೆ ಅಂತೆಲ್ಲ. ಹೊರಗಿನವರ ಮುಂದೆ ಅಲ್ಲ."

ತಂಗಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟುಕೊಂಡು, ಇನ್ನೂ ಯಾರೂ ಕುಡಿದಿರಲಿಲ್ಲ, ಅಡುಗೆಮನೆಗೆ ಹೋದರು.

ಈಗ ಭೂತಗನ್ನಡಿಯ ಮನಸ್ಸಿನಲ್ಲಿ ಆದದ್ದನ್ನು ಮುಚ್ಚಿಡದೆ ಹೇಳಬೇಕು. ಅವನಿಗೆ ಮೊದಲು ಬಂದದ್ದು ಖುಷಿ. ಹಾಗಾದರೆ ಕಾರಿಗೆ ಏನೂ ಆಗಿಲ್ಲ, ಎಂದುಕೊಂಡ. ನಾಚಿಕೆ ಬಂದದ್ದು ಅದರ ಹಿಂದೆ, ತಡವಾಗಿ. ಆದರೆ ಬಂದದ್ದು ಮೈಯೆಲ್ಲ ತುಂಬಿಕೊಂಡು ಬಂತು. ಪಕ್ಕದಲ್ಲಿದ್ದ ಹೆಂಡತಿ ಅಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದಳು. ಮೊದಲಿನದನ್ನೂ ಅವಳು ಕಂಡಿದ್ದಳು. ಮೂವತ್ತು ವರ್ಷ ಜೊತೆಗಿದ್ದವಳಿಗೆ ಅವನ ಮುಖ ಓದಲು ದೀಪದ ಮೇಜು ಬೇಕಿರಲಿಲ್ಲ.

"ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ತಲ್ಲ," ಎಂದರು ಪರೀಕ್ಷಕಿ. "ಕಾರು ಬೇಕೋ, ಬೇಡ್ವೋ?"

"ನಾನು ಹಾಗಲ್ಲ ಮೇಡಂ, ಕಾರಿನ ಬಗ್ಗೆ ಅಂತ..."

"ಬೇಕೋ, ಬೇಡ್ವೋ?"

"ಬೇಕು," ಎಂದ.

ಹೆಂಡತಿ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪರೀಕ್ಷಕಿ ಎಣಿಸಲಿಲ್ಲ. ಉಳಿದ ಎರಡು ಸಹಿ ಹಾಕಿ, ಬೀಗದಕೈಯನ್ನು ಕಾಗದದ ಮೇಲಿಟ್ಟು ಅವನ ಕಡೆ ತಳ್ಳಿದರು.

ಅವನು ಹೊರಗೆ ಹೋಗಿ ಕಾರನ್ನು ಬೀದಿಗೆ ತಂದು, ಆ ಕಡೆಯ ಬಾಗಿಲು ತೆರೆದಿಟ್ಟು ಕಾದ. ಹೆಂಡತಿ ಮೆಟ್ಟಿಲವರೆಗೆ ಬಂದಳು. ಕೈಚೀಲ ಅವಳ ಕೈಯಲ್ಲಿರಲಿಲ್ಲ.

"ನೀವು ಹೋಗಿ. ನಾನು ಬಸ್ಸಲ್ಲಿ ಬರ್ತೀನಿ. ಒಳಗೆ ಅವರಿಬ್ರೂ ಒಂದೊಂದು ಕೋಣೇಲಿ ಕೂತಿದಾರೆ."

"ನಾನೂ ಒಳಗೆ ಬರ್ಲಾ?"

"ನೀವು ಬೇಡ."

ಅವನು ಒಬ್ಬನೇ ಹೋದ. ಕಾರು ಬೆಣ್ಣೆಯ ಹಾಗೆ ಓಡಿತು. ತಿರುವುಗಳಲ್ಲಿ ನೆಲ ಕಚ್ಚಿಕೊಂಡು ತಿರುಗಿತು, ಏರಿನಲ್ಲಿ ಏದುಸಿರು ಬಿಡಲಿಲ್ಲ. ಅಂಗಡಿ ಸಾಲಿನಲ್ಲಿ ಇಬ್ಬರು ತಿರುಗಿ ನೋಡಿದರು. ಎಲ್ಲಾದರೂ ಆ ಹಾಳೆಯಲ್ಲಿಲ್ಲದ ಒಂದು ಅಪಸ್ವರ ಕೇಳಿಸಲಿ ಎಂದು ಅವನು ಕಿವಿಗೊಟ್ಟ. ಒಂದಾದರೂ ಸಿಕ್ಕಿದ್ದರೆ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು. ಏನೂ ಸಿಗಲಿಲ್ಲ.

ಮನೆ ಮುಂದೆ ನಿಲ್ಲಿಸಿ ಒಳಗೇ ಕೂತಿದ್ದ. ಹೆಂಡತಿ ಬಂದದ್ದು ಮೂರು ಗಂಟೆಗೆ. ಬೀದಿಯ ತುದಿಯಿಂದ ನಡೆದುಬಂದು ಕಾರಿನ ಪಕ್ಕ ನಿಂತಳು. ಅವನು ಗಾಜು ಇಳಿಸಿದ.

"ಹೇಗಿದಾರೆ?"

"ಇಬ್ರೂ ಅತ್ರು. ಆಮೇಲೆ ಊಟ ಮಾಡಿದ್ರು."

"ಬಾ," ಎಂದ. "ಒಂದು ಸುತ್ತು ಹೋಗ್ಬರೋಣ."

ಅವಳು ಕೆಂಪು ಬಾಗಿಲನ್ನೂ ಖಾಲಿ ಸೀಟನ್ನೂ ನೋಡಿದಳು. ಸಿಟ್ಟಿರಲಿಲ್ಲ, ದಣಿದಿದ್ದಳು.

"ಇವತ್ತು ಬೇಡ," ಎಂದು ಹೇಳಿ ಮನೆಯೊಳಗೆ ಹೋದಳು.

ಹಾಗಾದರೆ ಯಾವತ್ತು ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.